ಹೆಂಡತಿಗೆ ಸೀಲಿಯಾಕ್: ಜೋಳದ ರೊಟ್ಟಿ ಇದೆ, ಚಿಂತೆಯೆಲ್ಲ ಗಿರಣಿಯದು

ನವನಗರದ ಮಾಸ್ತರ, ಬಾಗಲಕೋಟೆ
ಮೇ 18, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ನನ್ನ ಹೆಂಡತಿಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಫೆಬ್ರುವರಿಯಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು ಆರು ವರ್ಷ ರಕ್ತಹೀನತೆಗೆಂದು ಕಬ್ಬಿಣಾಂಶದ ಗುಳಿಗೆ ನುಂಗಿದ್ದಾಳೆ. ಎರಡು ಸಲ ರಕ್ತ ಏರಿಸಿದ್ದೇವೆ. ಹೊಟ್ಟೆಯುಬ್ಬರ, ಸುಸ್ತು, ಮೂಳೆನೋವು ಒಂದೂ ಬಿಡಲಿಲ್ಲ. "ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಹೀಗೆ" ಎಂದು ನಮ್ಮ ಅವ್ವ ಬೈಯುತ್ತಿದ್ದಳು, ನಾನೂ ಬೈದಿದ್ದೇನೆ. ಪಾಪ, ಬೈಸಿಕೊಂಡು ಇನ್ನೊಂದು ಚಪಾತಿ ತಿನ್ನುತ್ತಿದ್ದಳು. ಆ ಚಪಾತಿಯೇ ಅವಳ ಕರುಳನ್ನು ಸವೆಸುತ್ತಿತ್ತು ಎಂಬುದು ನೆನಪಾದಾಗ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಇದಕ್ಕೆ ಗುಳಿಗೆಯಿಲ್ಲ, ಪಥ್ಯವೇ ಔಷಧ ಎಂದರು ವೈದ್ಯರು. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಜೀವನಪೂರ್ತಿ ಬಾಯಿಗೆ ಹೋಗಬಾರದು. ಕೇಳಿದಾಗ ನನಗೆ ಸಮಾಧಾನವೇ ಆಯಿತು. ನಮ್ಮದು ಜೋಳದ ಸೀಮೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಕೇಳಿ ಬೆಳೆದವರು ನಾವು. ಮೂರು ಹೊತ್ತು ರೊಟ್ಟಿ ಉಂಡರಾಯಿತು ಎಂದುಕೊಂಡೆ. ಮೂರು ತಿಂಗಳಾಯಿತು. ಹಿಮೋಗ್ಲೋಬಿನ್ ಸ್ವಲ್ಪ ಏರಿದೆ, ಆದರೆ ಹತ್ತು ದಿನಕ್ಕೊಮ್ಮೆಯಾದರೂ ಹೊಟ್ಟೆ ಕೆಡುತ್ತಿದೆ. ಎಲ್ಲೋ ಗೋಧಿ ನುಸುಳುತ್ತಿದೆ.

ಅವಳು ಕೆಲಸದಿಂದ ಬರುವುದು ಸಂಜೆ ಏಳಕ್ಕೆ. ಅವ್ವನಿಗೆ ಎಪ್ಪತ್ತೆರಡು, ಮೊಣಕೈ ನೋವು. ಆದ್ದರಿಂದ ಅಡುಗೆ ಕಲಿಯುತ್ತಿರುವವನು ನಾನು. ರೊಟ್ಟಿ ಬಡಿಯುವುದು ಅಷ್ಟಿಷ್ಟು ಬಂದಿದೆ. ನನ್ನ ಪ್ರಶ್ನೆಗಳು ಮೂರು. ಒಂದು, ನಮ್ಮ ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆಯೇ ಜೋಳ ಬೀಸುತ್ತಾರೆ. ಅದು ನಡೆಯುತ್ತದೆಯೇ? ಎರಡು, ಅಂಗಡಿಯಿಂದ ತರುವ ಪುಡಿಗಳಲ್ಲಿ ಯಾವುದನ್ನು ನಂಬಬಹುದು? ಮೂರು, ಪಂಚಮಿಗೆ ಅವಳಿಗೊಂದು ಹೋಳಿಗೆ ಮಾಡಿಕೊಡಬೇಕೆಂಬ ಆಸೆ. ಹೇಗೆ?


ಸಿಂದಗಿಯ ತಾಯಿ, ವಿಜಯಪುರ ಜಿಲ್ಲೆ
ಮೇ 18, ರಾತ್ರಿ 10:35

ಗುರುಗಳೇ, ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ಗೊತ್ತಾಯಿತು, ಈಗ ಒಂಬತ್ತು. ಓರಗೆಯ ಹುಡುಗರಿಗಿಂತ ಗೇಣುದ್ದ ಗಿಡ್ಡನಿದ್ದ, ಹೊಟ್ಟೆ ಮಾತ್ರ ಮುಂದೆ. ಈಗ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವಷ್ಟು ಬೆಳೆದಿದ್ದಾನೆ. ಧೈರ್ಯ ತೆಗೆದುಕೊಳ್ಳಿ.

ಗಿರಣಿ ನಡೆಯುವುದಿಲ್ಲ. ನಾವು ಕಲಿತ ಮೊದಲ ಪಾಠವೇ ಅದು. ಮೊದಲ ಎಂಟು ತಿಂಗಳು ಓಣಿಯ ಗಿರಣಿಯ ಹಿಟ್ಟಿನಲ್ಲೇ ರೊಟ್ಟಿ ಮಾಡಿದೆ, ಮಗು ಸುಧಾರಿಸಲಿಲ್ಲ. ಆಮೇಲೆ ಹಿತ್ತಿಲಲ್ಲಿ ಬಿದ್ದಿದ್ದ ನಮ್ಮ ಅತ್ತೆಯವರ ಬೀಸುವ ಕಲ್ಲನ್ನು ಒಳಗೆ ತಂದೆವು. ಅದರಲ್ಲೂ ಹಿಂದೆ ಗೋಧಿ ಒಡೆದಿದ್ದರಂತೆ. ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಕಲ್ಲು ಹೊಡೆಯುವವರಿಂದ ಮತ್ತೆ ಹೊಡೆಸಿ, ಸೇರು ಜೋಳ ಬೀಸಿ ಆ ಹಿಟ್ಟನ್ನು ಎಮ್ಮೆಗೆ ಹಾಕಿ ಆಮೇಲೆ ಬಳಸಿದೆವು. ಎರಡು ವರ್ಷ ಕೈಯಲ್ಲೇ ಬೀಸಿದೆ. ಈಗ ಮನೆಯಲ್ಲಿಯೇ ಸಣ್ಣ ವಿದ್ಯುತ್ ಗಿರಣಿ ಇಟ್ಟುಕೊಂಡಿದ್ದೇವೆ. ಅದರ ಬಾಯಿಗೆ ಇವತ್ತಿನವರೆಗೆ ಒಂದು ಕಾಳು ಗೋಧಿ ಬಿದ್ದಿಲ್ಲ.

ಇನ್ನೊಂದು, ಜೋಳವನ್ನು ಬೀಸುವ ಮೊದಲು ಹಸನು ಮಾಡಿಯೇ ಮಾಡಿ. ನಮ್ಮ ಕಡೆ ಹಿಂಗಾರಿಗೆ ಒಂದು ಹೊಲದಲ್ಲಿ ಜೋಳ, ಬದುವಿನಾಚೆ ಗೋಧಿ. ರಾಶಿ ಮಾಡುವ ಯಂತ್ರ ಒಂದೇ, ಚೀಲಗಳೂ ಅವೇ. ಮೊರದಲ್ಲಿ ಹರಡಿ ನೋಡಿದರೆ ಸೇರಿಗೆ ನಾಲ್ಕೈದು ಗೋಧಿ ಕಾಳು ಸಿಕ್ಕೇ ಸಿಗುತ್ತವೆ. ನಾನು ಬೆಳಕಿರುವಾಗಲೇ ಆರಿಸುತ್ತೇನೆ, ಆಮೇಲೆ ಎರಡು ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ಮಗನೂ ಪಕ್ಕದಲ್ಲಿ ಕೂತು ಆರಿಸುತ್ತಾನೆ. ಅವನ ಕಣ್ಣು ನನಗಿಂತ ಚುರುಕು.


ಖಪಲಿ ಬೆಳೆಗಾರ, ರಾಯಬಾಗ
ಮೇ 19, ಬೆಳಿಗ್ಗೆ 6:15

ಮಾಸ್ತರರೇ, ನಮ್ಮಲ್ಲಿ ಖಪಲಿ ಗೋಧಿ ಬೆಳೆಯುತ್ತೇವೆ. ಕೆಲವರು ಸದಕ ಎನ್ನುತ್ತಾರೆ, ಕೆಲವರು ಜವೆ ಗೋಧಿ. ಹಳೆಯ ಕಾಲದ ಗೋಧಿ, ಹೊಟ್ಟೆಗೆ ಹಗುರ. ಸಕ್ಕರೆ ಕಾಯಿಲೆಯವರು ದೂರದಿಂದ ಬಂದು ಒಯ್ಯುತ್ತಾರೆ. ನಿಮ್ಮ ಮನೆಯವರಿಗೆ ಈಗಿನ ಗೋಧಿ ಆಗದಿದ್ದರೂ ಇದು ಆಗಬಹುದು. ಐದು ಕಿಲೋ ಕಳಿಸಿಕೊಡುತ್ತೇನೆ, ದುಡ್ಡು ಬೇಡ.


ಆಹಾರ ತಜ್ಞೆ, ಬೆಳಗಾವಿ
ಮೇ 19, ಬೆಳಿಗ್ಗೆ 8:40

ರಾಯಬಾಗದ ಅಣ್ಣನವರೇ, ನಿಮ್ಮ ಮನಸ್ಸು ದೊಡ್ಡದು. ಆದರೆ ದಯವಿಟ್ಟು ಕಳಿಸಬೇಡಿ. ಖಪಲಿಯೂ ಗೋಧಿಯೇ. ಅದರಲ್ಲಿ ಗ್ಲುಟೆನ್ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಡಿಡಿಕೆ 1025, ಡಿಡಿಕೆ 1029 ತಳಿಗಳೂ ಇದೇ ಖಪಲಿ ಜಾತಿಯವು. ಬೇರೆಯವರಿಗೆ ಒಳ್ಳೆಯ ಆಹಾರ, ಸೀಲಿಯಾಕ್ ಇದ್ದವರಿಗೆ ಮಾತ್ರ ಸಲ್ಲದು. ಜವೆ ಗೋಧಿ ಎಂಬ ಹೆಸರು ಇನ್ನೊಂದು ಗೊಂದಲ ಮಾಡುತ್ತದೆ. ಒಂದು ಕಡೆ ಖಪಲಿಗೆ ಹಾಗೆನ್ನುತ್ತಾರೆ, ಇನ್ನೊಂದು ಕಡೆ ಬಾರ್ಲಿಗೆ. ಯಾವ ಅರ್ಥದಲ್ಲಿ ಹೇಳಿದರೂ ಈ ಮನೆಗೆ ಅದು ಬೇಡ. ರವೆ, ಮೈದಾ, ಶಾವಿಗೆ ಇವೂ ಗೋಧಿಯೇ ಎಂಬುದು ನಿಮಗೆ ಗೊತ್ತಿರುತ್ತದೆ. ಆದರೂ "ಚಪಾತಿ ಬಿಟ್ಟಿದ್ದೇವೆ, ಉಪ್ಪಿಟ್ಟು ತಿನ್ನುತ್ತೇವೆ" ಎಂದು ಹೇಳಿದವರನ್ನು ನೋಡಿದ್ದೇನೆ.

ಮಾಸ್ತರರೇ, ಗಿರಣಿಯ ವಿಷಯ ಲೆಕ್ಕ ಹಾಕಿ ನೋಡೋಣ. ಗ್ಲುಟೆನ್‌ರಹಿತ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಇದೇ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್ ಎಂದಿಟ್ಟುಕೊಳ್ಳಿ. ಆಗ ಒಂದು ಕಿಲೋ ಜೋಳದ ಹಿಟ್ಟಿಗೆ 0.2 ಗ್ರಾಂ ಗೋಧಿ ಹಿಟ್ಟು ಬೆರೆತರೆ ಮಿತಿ ಮುಟ್ಟಿದ ಹಾಗೆ. ಎರಡು ಬೆರಳಲ್ಲಿ ಹಿಡಿದ ಚಿಟಿಕೆ. ಇನ್ನು ಗಿರಣಿಯೊಳಗೆ ಹಿಂದಿನವರ ಹಿಟ್ಟು ಒಂದು ಹಿಡಿ, 50 ಗ್ರಾಂ ಉಳಿದಿತ್ತು, ನೀವು 10 ಕಿಲೋ ಜೋಳ ಬೀಸಿದಿರಿ ಎನ್ನಿ. ಕಿಲೋಗೆ 500 ಮಿಲಿಗ್ರಾಂ ಆಯಿತು, ಮಿತಿಯ ಇಪ್ಪತ್ತೈದು ಪಟ್ಟು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ತಿಂಗಳುಗಟ್ಟಲೆ ಹೋದರೂ ಕರುಳಿಗೆ ಹಾನಿಯಾಗಬಹುದು ಎಂದು ಅಧ್ಯಯನಗಳು ತೋರಿಸಿವೆ. ಆ ಹಿಟ್ಟಿನ ಎರಡು ರೊಟ್ಟಿಯಲ್ಲೇ ಅಷ್ಟು ಇರುತ್ತದೆ.

ಮಕ್ಕಳಿಗೂ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಒಡಹುಟ್ಟಿದವರು, ಮಕ್ಕಳು, ತಂದೆತಾಯಿಗಳಲ್ಲಿ ನೂರಕ್ಕೆ ಏಳರಿಂದ ಹತ್ತು ಜನರಿಗೆ ಇದು ಇರುವ ಸಾಧ್ಯತೆ ಇದೆ.


ಖಪಲಿ ಬೆಳೆಗಾರ, ರಾಯಬಾಗ
ಮೇ 19, ಮಧ್ಯಾಹ್ನ 1:05

ತಾಯಿ, ತಿಳಿಸಿದ್ದು ಒಳ್ಳೆಯದಾಯಿತು. ಹೋದ ವರ್ಷ ಪುಣೆಯಿಂದ ಬಂದ ಒಬ್ಬರಿಗೆ ಇದೇ ಮಾತು ಹೇಳಿ ಹತ್ತು ಕಿಲೋ ಕೊಟ್ಟಿದ್ದೆ. ಅವರ ಮಗಳಿಗೆ ಇದೇ ಕಾಯಿಲೆ ಎಂದಿದ್ದರು. ಅವರ ಸಂಖ್ಯೆ ಹುಡುಕಿ ಈಗಲೇ ಫೋನ್ ಮಾಡುತ್ತೇನೆ.


ನವನಗರದ ಮಾಸ್ತರ, ಬಾಗಲಕೋಟೆ
ಮೇ 19, ರಾತ್ರಿ 9:20

ಲೆಕ್ಕ ನೋಡಿ ಕೈಕಾಲು ತಣ್ಣಗಾದವು. ನಾವು ಬೀಸುವುದೂ ಹತ್ತು ಕಿಲೋವೇ.

ಮಕ್ಕಳಿಬ್ಬರ ಪರೀಕ್ಷೆ ಮಾರ್ಚ್‌ನಲ್ಲಿ ಆಯಿತು, ಇಬ್ಬರಿಗೂ ಇಲ್ಲ. ಲಕ್ಷಣ ಕಂಡರೆ ಮತ್ತೆ ಮಾಡಿಸಬೇಕು ಎಂದಿದ್ದಾರೆ. ಅವಳ ತಂಗಿ ಇನ್ನೂ ಮಾಡಿಸಿಲ್ಲ. ಈ ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ.


ಗಿರಣಿಯವ, ವಿದ್ಯಾಗಿರಿ
ಮೇ 20, ರಾತ್ರಿ 8:00

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ. ನಮ್ಮ ಬಗ್ಗೆ ಮಾತು ನಡೆದಿದೆ ಎಂದು ಅಳಿಯ ತೋರಿಸಿದ. ಮೊದಲು ನನಗೆ ಬೇಸರವಾಯಿತು, ಏಕೆಂದರೆ ನಾನು ಗಿರಣಿಯನ್ನು ಸ್ವಚ್ಛವಾಗಿ ಇಟ್ಟವನು. ಆ ಲೆಕ್ಕ ಓದಿದ ಮೇಲೆ ಇವತ್ತು ಮಧ್ಯಾಹ್ನ ಕರೆಂಟ್ ಹೋದಾಗ ಒಂದು ಕೆಲಸ ಮಾಡಿದೆ. ಗೋಧಿ ಬೀಸಿ ಮುಗಿದಿತ್ತು. ದಿನವೂ ಮಾಡುವ ಹಾಗೆ ಬಾಯಿಯನ್ನು ಬ್ರಷ್‌ನಿಂದ ಗುಡಿಸಿ, ಡಬ್ಬಿಯ ಮೇಲೆ ಕೈಯಿಂದ ತಟ್ಟಿ ಹಿಟ್ಟು ಬೀಳಿಸಿದೆ. ಇನ್ನೇನೂ ಬೀಳದಾದಾಗ ಕಲ್ಲಿನ ಮುಚ್ಚಳ ಬಿಚ್ಚಿದೆ. ಕಲ್ಲಿನ ಗೆರೆಗಳಲ್ಲಿ, ಸುತ್ತಲಿನ ಸಂದಿಯಲ್ಲಿ ಹಿಟ್ಟು ಕೂತಿತ್ತು. ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಬಿಚ್ಚಿ ಕೊಡವಿದೆ. ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೆ 140 ಗ್ರಾಂ. ಬೆಳಗಾವಿಯ ತಾಯಿಯವರು ಒಂದು ಹಿಡಿ ಎಂದರು, ನನಗೆ ಸಿಕ್ಕಿದ್ದು ಸುಮಾರು ಮೂರು ಹಿಡಿ.

ಗಿರಣಿಗೆ ಬಂದವರಿಗೆ "ಗೋಧಿ ಆದ ಮೇಲೆ ಸ್ವಲ್ಪ ಜೋಳ ಬಿಟ್ಟು ತೆಗೆದಿದ್ದೇನೆ, ಒಯ್ಯಿರಿ" ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ರುಚಿಗೆ ಅಷ್ಟು ಸಾಕು. ಈ ಕಾಯಿಲೆಗೆ ಸಾಲದು ಎಂದು ಈಗ ತಿಳಿಯಿತು. ಮೇಲಾಗಿ ಗಿರಣಿಯ ಗಾಳಿಯಲ್ಲೇ ಹಿಟ್ಟು ಹಾರುತ್ತಿರುತ್ತದೆ. ಸಂಜೆ ನನ್ನ ಹುಬ್ಬಿನ ಮೇಲೂ ಹಿಟ್ಟೇ.


ತಿಳಕವಾಡಿಯ ವಿದ್ಯಾರ್ಥಿನಿ, ಬೆಳಗಾವಿ
ಮೇ 20, ರಾತ್ರಿ 11:10

ಗಿರಣಿಯ ಕಾಕಾ, ಬಿಚ್ಚಿ ತೂಗಿ ನೋಡಿದಿರಲ್ಲ, ಅದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ನನಗೆ ಸೀಲಿಯಾಕ್ ಇದೆ, ಹದಿನಾರನೇ ವಯಸ್ಸಿಗೆ ಗೊತ್ತಾಯಿತು. ಊರು ಇಂಡಿ. ಹಾಸ್ಟೆಲ್ ಬಿಟ್ಟು ಇಬ್ಬರು ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದೇನೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆ, ಆದರೆ ಅದೇ ಹಂಚಿನ ಮೇಲೆ ಚಪಾತಿ, ಅದೇ ಕೈಯಲ್ಲಿ ಗೋಧಿ ಹಿಟ್ಟು. ರೊಟ್ಟಿ ಬೇಗ ಬಡಿಯಲೆಂದು ಗೋಧಿ ಹಿಟ್ಟು ಬೆರೆಸುವವರೂ ಇದ್ದಾರೆ. ಕೇಳಿದರೆ ಕೆಲವರು ಪ್ರಾಮಾಣಿಕವಾಗಿ ಹೇಳುತ್ತಾರೆ, ಕೆಲವರಿಗೆ ನಾನು ಏಕೆ ಕೇಳುತ್ತಿದ್ದೇನೆ ಎಂದೇ ತಿಳಿಯುವುದಿಲ್ಲ. ಮಿರ್ಚಿ ಭಜಿಯ ಹಿಟ್ಟು ಕಡಲೆಯದೇ ಆದರೂ ಅದೇ ಎಣ್ಣೆಯಲ್ಲಿ ಸಮೋಸಾ ಕರಿದಿರುತ್ತಾರೆ.

ನನ್ನನ್ನು ಬದುಕಿಸಿರುವುದು ಅಮ್ಮನ ಕಟಕ ರೊಟ್ಟಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕಟಕಟ ಎನ್ನುವ ಹಾಗೆ ಒಣಗಿಸಿ ಡಬ್ಬಿ ತುಂಬಿ ಕಳಿಸುತ್ತಾಳೆ. ಒಂದು ತಿಂಗಳು ಕೆಡುವುದಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ಊಟವಾಯಿತು. ಪರೀಕ್ಷೆಗೆ ಬೆಂಗಳೂರಿಗೆ ಹೋದಾಗಲೂ, ಗೆಳತಿಯ ಮದುವೆಗೆ ಹೋದಾಗಲೂ ಆ ಡಬ್ಬಿ ನನ್ನ ಜೊತೆಗಿತ್ತು.

ಮಾಸ್ತರರೇ, ಒಂದು ಪ್ರಶ್ನೆ. ಹಿಟ್ಟು ಸಾಣಿಸುವ ಜರಡಿ ನಿಮ್ಮ ಮನೆಯಲ್ಲಿ ಒಂದೇ ಇದೆಯೋ, ಎರಡಿವೆಯೋ?


ನವನಗರದ ಮಾಸ್ತರ, ಬಾಗಲಕೋಟೆ
ಮೇ 21, ಬೆಳಿಗ್ಗೆ 5:55

ತಂಗಿ, ಒಂದೇ.

ನಿನ್ನ ಪ್ರಶ್ನೆ ಓದಿ ರಾತ್ರಿಯೇ ಎದ್ದು ಅಡುಗೆ ಮನೆಗೆ ಹೋದೆ. ಜರಡಿಯನ್ನು ದೀಪದ ಕೆಳಗೆ ಹಿಡಿದೆ. ಜಾಳಿಗೆ ಅಂಚಿಗೆ ಸೇರುವಲ್ಲಿ ಒಂದು ಮಡಿಕೆ ಇದೆ. ಸೂಜಿಯಿಂದ ಕೆದಕಿದರೆ ಹೊಟ್ಟು ಬಂತು, ಕಂದು ಬಣ್ಣದ ಗೋಧಿ ಹೊಟ್ಟು. ಎಷ್ಟು ಕೆದಕಿದರೂ ಬರುತ್ತಲೇ ಇತ್ತು. ಹಂಚು ಬೇರೆ ತಂದಿದ್ದೆವು, ಲಟ್ಟಣಿಗೆ ಮಣೆ ಬೇರೆ ಮಾಡಿದ್ದೆವು, ಉಪ್ಪಿನ ಡಬ್ಬಿಯನ್ನೂ ಬೇರೆ ಇಟ್ಟಿದ್ದೆವು. ದಿನಾ ಕೈಯಲ್ಲಿ ಹಿಡಿಯುವ ಜರಡಿ ಕಣ್ಣಿಗೇ ಬಿದ್ದಿರಲಿಲ್ಲ. ಮಕ್ಕಳ ಚಪಾತಿಗೆ ಸಾಣಿಸಿದ ಜರಡಿಯಲ್ಲಿಯೇ ಅವಳ ಜೋಳದ ಹಿಟ್ಟು ಸಾಣಿಸಿ, ಪಥ್ಯ ಮಾಡುತ್ತಿದ್ದೇವೆ ಎಂದುಕೊಂಡಿದ್ದೆ.

ಬೆಳಗಿನ ಚಹಾದ ಹೊತ್ತಿಗೆ ಅವ್ವನಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಜರಡಿಯನ್ನೇ ನೋಡಿದಳು. "ಇನ್ನು ಈ ಮನೆಯಲ್ಲಿ ಗೋಧಿ ಬೇಡ. ಹುಡುಗರಿಗೆ ಚಪಾತಿ ತಿನ್ನಬೇಕೆನ್ನಿಸಿದರೆ ಅತ್ತೆಯ ಮನೆಗೆ ಹೋಗಲಿ" ಎಂದಳು. ಸೊಸೆಗೆ ಕೇಳುವ ಹಾಗೆಯೇ ಹೇಳಿದಳು.


ಊರ ಹಿರಿಯ, ಮುಧೋಳ
ಮೇ 21, ಬೆಳಿಗ್ಗೆ 10:30

ಹಿರಿಯನಾಗಿ ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ಜಾತ್ರೆಯಲ್ಲಿ ಗೋಧಿ ಹುಗ್ಗಿಯ ದಾಸೋಹ, ಸತ್ಯನಾರಾಯಣ ಪೂಜೆಯ ಸಜ್ಜಿಗೆ, ಇವುಗಳಲ್ಲಿ ಒಂದು ಬೆರಳಷ್ಟು ಬಾಯಿಗಿಟ್ಟುಕೊಂಡರೂ ತೊಂದರೆಯೇ? ಪ್ರಸಾದವನ್ನು ಬೇಡ ಎನ್ನಲು ಹೆಣ್ಣುಮಕ್ಕಳಿಗೆ ಬಾಯಿ ಬರುವುದಿಲ್ಲ.


ಸಿಂದಗಿಯ ತಾಯಿ, ವಿಜಯಪುರ ಜಿಲ್ಲೆ
ಮೇ 21, ಮಧ್ಯಾಹ್ನ 2:15

ಅಜ್ಜಾರೇ, ತೊಂದರೆಯೇ. ಹಸಿ ಗಾಯದ ಮೇಲೆ ಉಪ್ಪು ಒಂದು ಬೆರಳಷ್ಟು ಹಾಕಿದರೂ ಉರಿಯುತ್ತದಲ್ಲ. ಮೇಲೆ ಏನೂ ಕಾಣದಿದ್ದರೂ ಒಳಗೆ ಕರುಳು ಸುಡುತ್ತದೆ. ನಮ್ಮ ಊರಿನ ಗುಡಿಯಲ್ಲಿ ನಾನು ಹೋಗಿ ಪೂಜಾರಿಯವರಿಗೆ ವಿವರವಾಗಿ ಹೇಳಿದೆ. ಈಗ ನನ್ನ ಮಗನಿಗೆಂದು ಕಲ್ಲುಸಕ್ಕರೆ, ಉತ್ತುತ್ತಿ ಬೇರೆ ತಟ್ಟೆಯಲ್ಲಿ ನೈವೇದ್ಯ ಮಾಡಿ ಇಡುತ್ತಾರೆ. ಅವನು ಹೋದರೆ ಅವರೇ ಕರೆದು ಕೊಡುತ್ತಾರೆ. ನೀವು ಊರ ಹಿರಿಯರು. ನಿಮ್ಮಂಥವರು ಜಾತ್ರೆಯಲ್ಲಿ ಒಂದು ಮಾತು ಹೇಳಿದರೆ ಎಷ್ಟೋ ಸೊಸೆಯಂದಿರ ಸಂಕಟ ಕಡಿಮೆಯಾಗುತ್ತದೆ.


ಊರ ಹಿರಿಯ, ಮುಧೋಳ
ಮೇ 21, ಸಂಜೆ 6:40

ತಿಳಿಯಿತು ತಾಯಿ. ಹೇಳುತ್ತೇನೆ.


ರೊಟ್ಟಿ ಕೇಂದ್ರದ ಅಕ್ಕ, ಗೋಕಾಕ
ಮೇ 22, ರಾತ್ರಿ 9:00

ನಾವು ಹನ್ನೊಂದು ಹೆಣ್ಣುಮಕ್ಕಳು ಸೇರಿ ರೊಟ್ಟಿ, ಚಪಾತಿ, ಹೋಳಿಗೆ ಮಾಡಿ ಮಾರುತ್ತೇವೆ. ಗ್ಲುಟೆನ್ ಇಲ್ಲದ ರೊಟ್ಟಿ ಕೊಡುತ್ತೀರಾ ಎಂದು ಇತ್ತೀಚೆಗೆ ಇಬ್ಬರು ಕೇಳಿದರು. ನಾನು ಹೌದು ಎಂದುಬಿಟ್ಟಿದ್ದೆ, ಜೋಳದ್ದೇ ಅಲ್ಲವೇ ಎಂದು. ಇದನ್ನೆಲ್ಲ ಓದಿ ಅವರಿಬ್ಬರಿಗೂ ಬೇಡ ಎಂದು ಹೇಳಿದ್ದೇನೆ. ಒಂದೇ ಕೋಣೆ, ಒಂದೇ ಗಿರಣಿಯ ಹಿಟ್ಟು, ಬೆಳಿಗ್ಗೆ ಚಪಾತಿ ಲಟ್ಟಿಸಿದ ಕಟ್ಟೆಯ ಮೇಲೆಯೇ ಮಧ್ಯಾಹ್ನ ರೊಟ್ಟಿ. ಈ ರೋಗದವರಿಗೆ ನಮ್ಮ ರೊಟ್ಟಿ ಆಗದು. ಬೇರೆ ಕೋಣೆ ಮಾಡಲು ಆಗುವ ದಿನ ಬಂದರೆ ಇಲ್ಲಿಯೇ ತಿಳಿಸುತ್ತೇನೆ.

ಮಾಸ್ತರರೇ, ರೊಟ್ಟಿ ಹೇಗೆ ಬರುತ್ತಿದೆ? ಅಂಚು ಸೀಳುತ್ತಿದೆಯೇ?


ನವನಗರದ ಮಾಸ್ತರ, ಬಾಗಲಕೋಟೆ
ಮೇ 23, ರಾತ್ರಿ 10:05

ಅಕ್ಕಾ, ಸೀಳುತ್ತದೆ. ಬಡಿಯುತ್ತ ಬಡಿಯುತ್ತ ಅಂಗೈ ಅಗಲ ಆಗುವವರೆಗೆ ದುಂಡಗಿರುತ್ತದೆ. ಆಮೇಲೆ ಅಂಚಿನಲ್ಲಿ ಒಂದು ಸೀಳು, ಅದನ್ನು ಕೂಡಿಸುವಷ್ಟರಲ್ಲಿ ಎದುರು ಬದಿಯಲ್ಲಿ ಇನ್ನೊಂದು. ಹಂಚಿಗೆ ಹಾಕಲು ಎತ್ತಿದರೆ ನಡುವೆ ಹರಿಯುತ್ತದೆ. ಅವಳು ಹರಿದ ರೊಟ್ಟಿಯನ್ನೇ ಒಂದೂ ಮಾತಾಡದೆ ತಿನ್ನುತ್ತಾಳೆ.


ರೊಟ್ಟಿ ಕೇಂದ್ರದ ಅಕ್ಕ, ಗೋಕಾಕ
ಮೇ 23, ರಾತ್ರಿ 10:40

ನೀರು ಸಾಲದು. ಎಸರು ಕುದಿಕುದಿ ಇರಬೇಕು. ಬೆರಳು ಸುಡುತ್ತದೆ ಎಂದು ಗಂಡಸರು ಆರಿದ ನೀರು ಹಾಕುತ್ತಾರೆ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ನೀರು ಬಿದ್ದು ಹಿಟ್ಟು ಅರೆಬೆಂದಾಗಲೇ ಅದಕ್ಕೆ ಜಿಗಿ ಬರುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿಯಿರಿ, ಸುತ್ತಲಿನ ಹಿಟ್ಟನ್ನು ಮೇಲೆ ಮುಚ್ಚಿ, ಐದು ನಿಮಿಷ ಮುಟ್ಟಬೇಡಿ. ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ. ಕಣಕ ಕಿವಿಯ ಹಾಲೆಯಷ್ಟು ಮೆತ್ತಗಾಗಬೇಕು. ಒಮ್ಮೆಗೆ ಎಲ್ಲವನ್ನೂ ನಾದಿ ಇಡಬೇಡಿ, ಎರಡು ರೊಟ್ಟಿಗಾಗುವಷ್ಟನ್ನೇ ನಾದಿ.

ಉಂಡೆಯನ್ನು ಮೊದಲು ಕೈಯಲ್ಲೇ ತಿರುಗಿಸಿ ಅಂಚು ಕಟ್ಟಿ, ಬಿಲ್ಲೆಯಂತೆ. ಅಂಚು ಮೊದಲೇ ಗಟ್ಟಿಯಾದರೆ ಆಮೇಲೆ ಸೀಳುವುದಿಲ್ಲ. ಬಡಿಯುವಾಗ ರೊಟ್ಟಿ ತಾನೇ ತಿರುಗಬೇಕು, ನೀವು ಹಿಡಿದು ತಿರುಗಿಸಿದರೆ ಹರಿಯುತ್ತದೆ. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ, ಕೂಡಲೇ ಒದ್ದೆ ಬಟ್ಟೆಯಿಂದ ಸವರಿ. ನೀರು ಆರುವ ಮುನ್ನ ತಿರುವಿ. ಹಿಟ್ಟು ಹಳತಾದರೂ ಜಿಗಿ ಹೋಗುತ್ತದೆ. ಅದಕ್ಕೇ ಮನೆ ಗಿರಣಿ ತಂದು ಎರಡೆರಡು ಕಿಲೋ ಬೀಸಿಕೊಳ್ಳುವುದು ಒಳ್ಳೆಯದು.


ತಿಳಕವಾಡಿಯ ವಿದ್ಯಾರ್ಥಿನಿ, ಬೆಳಗಾವಿ
ಮೇ 24, ಮಧ್ಯಾಹ್ನ 3:20

ಪುಡಿಗಳ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಗೋಂದು, ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಡಬ್ಬಿಯ ಹಿಂದೆ ಓದಿ ತೆಗೆದುಕೊಳ್ಳಬೇಕು. ಸಾರಿಗೆ, ಉಪ್ಪಿನಕಾಯಿಗೆ, ಚುರುಮುರಿಯ ಒಗ್ಗರಣೆಗೆ ದಿನವೂ ಬೀಳುವ ಪದಾರ್ಥ ಇದು. ಎರಡನೆಯದು ಮಾಲ್ಟ್. ಹಾಲಿಗೆ ಬೆರೆಸುವ ಪುಡಿಗಳಲ್ಲಿ ಬಾರ್ಲಿಯ ಮಾಲ್ಟ್ ಇರುತ್ತದೆ. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್‌ಗೆ ಅಡ್ಡಿಯಿಲ್ಲ. ಮೂರನೆಯದು ಸೋಯಾ ಸಾಸ್, ಅದರಲ್ಲೂ ಬಹಳ ಸಲ ಗೋಧಿ ಇರುತ್ತದೆ. ಕಡಲೆ ಹಿಟ್ಟನ್ನೂ ಬಿಡಿಯಾಗಿ ತರಬೇಡಿ, ಅದೂ ಅದೇ ಗಿರಣಿಯದು. ಬೇಳೆ ತಂದು ಮನೆಯಲ್ಲೇ ಬೀಸಿ. ಓಟ್ಸ್ ನಾನು ಮುಟ್ಟುವುದೇ ಇಲ್ಲ. ಅದರಲ್ಲಿ ಗೋಧಿ ಬೆರಕೆ ಹೆಚ್ಚು, ಬೆರಕೆಯಿಲ್ಲದ್ದೂ ಕೆಲವರಿಗೆ ಆಗುವುದಿಲ್ಲ.

ಕರದಂಟು, ಕುಂದಾ ಕೊಳ್ಳುವಾಗಲೂ ಕೇಳಿಯೇ ಕೊಳ್ಳುತ್ತೇನೆ. ನಮ್ಮ ಊರಿನ ಸಿಹಿಯೇ ಆದರೂ ಯಾರು ಏನು ಸೇರಿಸಿದ್ದಾರೆ ಎಂಬುದು ಅವರಿಗಷ್ಟೇ ಗೊತ್ತು.


ಬಬಲೇಶ್ವರದ ಅಣ್ಣ
ಜೂನ್ 2, ರಾತ್ರಿ 11:45

ನನ್ನ ತಂಗಿಗೂ ಹೀಗೆಯೇ ರಕ್ತ ಕಡಿಮೆ, ಹೊಟ್ಟೆನೋವು, ಎರಡು ಗರ್ಭ ನಿಂತಿಲ್ಲ. ಇದನ್ನು ಓದಿ ನಿನ್ನೆಯಿಂದ ಅವಳ ಗೋಧಿ ಬಿಡಿಸಿದ್ದೇವೆ. ಮುಂದಿನ ತಿಂಗಳು ವಿಜಯಪುರಕ್ಕೆ ಕರೆದುಕೊಂಡು ಹೋಗಿ ತೋರಿಸುತ್ತೇವೆ.


ಆಹಾರ ತಜ್ಞೆ, ಬೆಳಗಾವಿ
ಜೂನ್ 3, ಬೆಳಿಗ್ಗೆ 7:10

ಅಣ್ಣಾ, ಮುಂದಿನ ತಿಂಗಳವರೆಗೆ ಕಾಯಬೇಡಿ, ಈ ವಾರವೇ ತೋರಿಸಿ. ಪರೀಕ್ಷೆಗೆ ಮೊದಲು ಗೋಧಿ ಬಿಡಿಸಬೇಡಿ. ಗೋಧಿ ತಿನ್ನುತ್ತಿರುವಾಗಲೇ ರಕ್ತದಲ್ಲಿ ಈ ಕಾಯಿಲೆಯ ಸೂಚನೆ ಕಾಣುತ್ತದೆ. ಬಿಟ್ಟು ತಿಂಗಳುಗಳಾದರೆ ಕರುಳೂ ಸುಧಾರಿಸುತ್ತದೆ, ರಕ್ತವೂ ಇಲ್ಲ ಎನ್ನುತ್ತದೆ. ಆಗ ಇದೆಯೋ ಇಲ್ಲವೋ ಹೇಳುವುದೇ ಕಷ್ಟ. ಟಿಟಿಜಿ ಐಜಿಎ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಪ್ರತಿಕಾಯ) ಮತ್ತು ಒಟ್ಟು ಐಜಿಎ, ಈ ಎರಡು ರಕ್ತ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ಕಡಿಮೆ ಇರುತ್ತದೆ, ಆಗ ಮೊದಲನೆಯದು ಸುಳ್ಳು ಹೇಳುತ್ತದೆ.

ದಕ್ಷಿಣದವರಿಗೆ ಈ ಕಾಯಿಲೆ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಸುಮ್ಮನೆ ಮರಳಬೇಡಿ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಕಂಡಿತ್ತು. ಕಡಿಮೆ ನಿಜ, ಇಲ್ಲವೇ ಇಲ್ಲ ಎಂದಲ್ಲ. ಸಾವಿರಕ್ಕೆ ಒಬ್ಬರೆಂದರೂ ನಮ್ಮ ಒಂದೊಂದು ದೊಡ್ಡ ಊರಿನಲ್ಲಿ ಹತ್ತಾರು ಜನ ಇರುತ್ತಾರೆ.


ಬಬಲೇಶ್ವರದ ಅಣ್ಣ
ಜೂನ್ 3, ಬೆಳಿಗ್ಗೆ 7:30

ಇವತ್ತೇ ಹೊರಡುತ್ತೇವೆ ಅಕ್ಕಾ.


ನವನಗರದ ಮಾಸ್ತರ, ಬಾಗಲಕೋಟೆ
ಜುಲೈ 14, ರಾತ್ರಿ 9:15

ಬಹಳ ದಿನವಾಯಿತು. ಮನೆ ಗಿರಣಿ ತರುವಷ್ಟು ಹಣ ಒಮ್ಮೆಗೆ ಕೂಡಿರಲಿಲ್ಲ, ಜೂನ್ ಕೊನೆಗೆ ತಂದೆವು. ಅಲ್ಲಿಯವರೆಗೆ ಅಕ್ಕಿ, ನವಣಕ್ಕಿ ಅನ್ನ, ಮಿಕ್ಸರ್‌ನಲ್ಲಿ ಒಡೆದ ಜೋಳದ ನುಚ್ಚು, ಮಜ್ಜಿಗೆ. ನುಚ್ಚು ಉಂಡು ಅವಳಿಗೆ ತವರು ನೆನಪಾಯಿತಂತೆ.

ಮೊನ್ನೆ ರಕ್ತ ಪರೀಕ್ಷೆ ಆಯಿತು. ಹಿಮೋಗ್ಲೋಬಿನ್ 10.4. ಮದುವೆಯಾದ ಮೇಲೆ ಹತ್ತು ದಾಟಿದ್ದು ಇದೇ ಮೊದಲು. ಟಿಟಿಜಿ ಅರ್ಧಕ್ಕಿಂತ ಕೆಳಗೆ ಬಂದಿದೆ. ಪೂರ್ತಿ ಇಳಿಯಲು ವರ್ಷವೇ ಬೇಕಾಗಬಹುದು, ದಾರಿ ಸರಿಯಿದೆ ಎಂದರು. ಆರು ವಾರದಿಂದ ಹೊಟ್ಟೆ ಕೆಟ್ಟಿಲ್ಲ. ಅವಳ ತಂಗಿಯದೂ ಪರೀಕ್ಷೆ ಆಯಿತು, ಇಲ್ಲ.

ಗೋಕಾಕದ ಅಕ್ಕ ಹೇಳಿದ ಹಾಗೆ ಅಂಚು ಕಟ್ಟಿ ಬಡಿದ ರೊಟ್ಟಿ ನಿನ್ನೆ ಹಂಚಿನ ಮೇಲೆ ಪೂರ್ತಿ ಉಬ್ಬಿತು. ಅವ್ವ ಸೊಸೆಯನ್ನು ಕರೆದು ತೋರಿಸಿದಳು.

ಈಗ ಪಂಚಮಿ ಬರುತ್ತಿದೆ. ಹೋಳಿಗೆಯ ಪ್ರಶ್ನೆ ಹಾಗೆಯೇ ಇದೆ. ಕಳೆದ ಭಾನುವಾರ ಜೋಳದ ಹಿಟ್ಟಿನ ಕಣಕದಲ್ಲಿ ಹೂರಣ ತುಂಬಿ ಲಟ್ಟಿಸಿದೆ. ಹೂರಣ ಒಂದು ಕಡೆ, ಹಿಟ್ಟು ಒಂದು ಕಡೆ ಆಯಿತು.


ಸಿಂದಗಿಯ ತಾಯಿ, ವಿಜಯಪುರ ಜಿಲ್ಲೆ
ಜುಲೈ 14, ರಾತ್ರಿ 10:30

10.4 ಎಂದು ಓದಿ ಕಣ್ಣು ತುಂಬಿ ಬಂತು ಗುರುಗಳೇ.

ಹೋಳಿಗೆಗೆ ಜೋಳ ಬೇಡ, ಅಕ್ಕಿ ಹಿಟ್ಟು ತೆಗೆದುಕೊಳ್ಳಿ. ಅಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ತೇವವಿರುವಾಗಲೇ ಮಿಕ್ಸರ್‌ನಲ್ಲಿ ನುಣ್ಣಗೆ ಮಾಡಿ ಸಾಣಿಸಿ. ಒಂದು ಬಟ್ಟಲು ನೀರಿಗೆ ಚೂರು ಉಪ್ಪು, ಎರಡು ಚಮಚ ಎಣ್ಣೆ ಹಾಕಿ ಕುದಿಸಿ. ಒಂದು ಬಟ್ಟಲು ಹಿಟ್ಟಿಗೆ ಅರ್ಧ ಚಮಚ ಇಸಬ್‌ಗೋಲ್ ಬೆರೆಸಿ ಆ ನೀರಿಗೆ ಸುರಿದು ಉಕ್ಕರಿಸಿ. ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ಎಣ್ಣೆಗೈಯಲ್ಲಿ ನಾದಿ. ಇಸಬ್‌ಗೋಲ್ ಹಿಟ್ಟನ್ನು ಹಿಡಿದು ನಿಲ್ಲಿಸುತ್ತದೆ, ಹೆಚ್ಚಾದರೆ ಹೋಳಿಗೆ ರಬ್ಬರ್ ಆಗುತ್ತದೆ. ಹೂರಣ ಗಟ್ಟಿಯಾಗಿರಲಿ. ಲಟ್ಟಣಿಗೆ ಮುಟ್ಟಬೇಡಿ, ಬಾಳೆ ಎಲೆಗೆ ಎಣ್ಣೆ ಸವರಿ ಬೆರಳಿಂದ ತಟ್ಟಿ, ಎಲೆಸಮೇತ ಹಂಚಿಗೆ ಹಾಕಿ. ಒಂದು ಬದಿ ಹಿಡಿದುಕೊಂಡ ಮೇಲೆ ಎಲೆ ತಾನಾಗಿ ಬಿಡುತ್ತದೆ. ಮೈದಾ ಹೋಳಿಗೆಯಂತೆ ತೆಳ್ಳಗೆ ಬರುವುದಿಲ್ಲ, ಅಂಗೈ ಅಗಲ ಸಾಕು. ಬಿಸಿಬಿಸಿ ತುಪ್ಪ ಹಾಕಿ ಉಣ್ಣಬೇಕು, ಆರಿದರೆ ಗಟ್ಟಿಯಾಗುತ್ತದೆ.

ಉಂಡಿಗಳಿಗೆ ಚಿಂತೆಯೇ ಇಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಎಲ್ಲವೂ ಆಗುತ್ತವೆ, ರವೆ ಉಂಡಿ ಒಂದನ್ನು ಬಿಡಿ. ಜೋಳದ ಅಳ್ಳು ಹೇಗೂ ನಮ್ಮ ಪಂಚಮಿಯದೇ. ಮಾದಲಿ ಬೇಕೆನಿಸಿದರೆ ಸಜ್ಜೆ ರೊಟ್ಟಿಯನ್ನು ಕಟಕ ಮಾಡಿ ಕುಟ್ಟಿ, ಬೆಲ್ಲ, ಕೊಬ್ಬರಿ, ಗಸಗಸೆ, ಯಾಲಕ್ಕಿ ಸೇರಿಸಿ. ನನ್ನ ಮಗ ಅದನ್ನು ಹಾಲಿನಲ್ಲಿ ಕಲಸಿ ತಿನ್ನುತ್ತಾನೆ.


ಬಬಲೇಶ್ವರದ ಅಣ್ಣ
ಜುಲೈ 16, ಸಂಜೆ 5:30

ತಂಗಿಗೆ ಇದೇ ಎಂದು ಖಚಿತವಾಯಿತು. ನಿಮ್ಮ ಮಾತು ಕೇಳಿ ಪರೀಕ್ಷೆಯವರೆಗೆ ಮತ್ತೆ ಗೋಧಿ ತಿನ್ನಿಸಿದೆವು, ಒಳ್ಳೆಯದಾಯಿತು. ಅವಳ ಅತ್ತೆಯ ಮನೆ ಬಾಗಲಕೋಟೆಯಲ್ಲೇ. ಅವರಿಗೆ ಗಿರಣಿ ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ. ಏನು ಮಾಡಲಿ ತಿಳಿಯುತ್ತಿಲ್ಲ.


ಗಿರಣಿಯವ, ವಿದ್ಯಾಗಿರಿ
ಜುಲೈ 17, ರಾತ್ರಿ 8:20

ಅಣ್ಣಾ, ನನ್ನಲ್ಲಿ ಒಂದು ಹಳೆಯ ಸಣ್ಣ ಗಿರಣಿ ಇತ್ತು, ಖಾರ ಕುಟ್ಟುವ ಯಂತ್ರ ತಂದ ಮೇಲೆ ಮೂಲೆಯಲ್ಲಿಟ್ಟಿದ್ದೆ. ಮೇ ತಿಂಗಳಿಂದ ಅದೇ ವಿಚಾರ ತಲೆಯಲ್ಲಿತ್ತು. ಹೊಸ ಕಲ್ಲು ಹಾಕಿಸಿ, ಹೊಸ ಬಟ್ಟೆಯ ತೋಳು ಹೊಲಿಸಿ, ಅಂಗಡಿಯಲ್ಲಿಡದೆ ಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿದ್ದೇನೆ. ಅದರಲ್ಲಿ ಜೋಳ, ಸಜ್ಜೆ, ಅಕ್ಕಿ, ಕಡಲೆಬೇಳೆ ಮಾತ್ರ. ಗಿರಣಿಯ ಬಟ್ಟೆಯಲ್ಲಿ ನಾನು ಒಳಗೆ ಹೋಗುವುದಿಲ್ಲ, ಸ್ನಾನ ಮಾಡಿ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬೀಸಿಕೊಡುತ್ತೇನೆ. ಸೋಮವಾರ ಮತ್ತು ಗುರುವಾರ, ಆರರಿಂದ ಏಳು. ಕಾಳನ್ನು ನೀವೇ ಹಸನು ಮಾಡಿ, ತೊಳೆದು ಒಣಗಿಸಿ, ಗೋಧಿ ಮುಟ್ಟದ ಡಬ್ಬಿಯಲ್ಲಿ ತರಬೇಕು. ಆ ಡಬ್ಬಿಯಲ್ಲೇ ಹಿಟ್ಟು ಒಯ್ಯಬೇಕು.

ಬೆಳಗಾವಿಯ ತಾಯಿ, ಇದರಲ್ಲಿ ಇನ್ನೇನಾದರೂ ತಪ್ಪಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.


ಆಹಾರ ತಜ್ಞೆ, ಬೆಳಗಾವಿ
ಜುಲೈ 17, ರಾತ್ರಿ 9:05

ಕಾಕಾ, ಮೊದಲ ಐದು ಕಿಲೋ ಹಿಟ್ಟನ್ನು ದನಕ್ಕೆ ಹಾಕಿ. ಆಮೇಲಿನ ಹಿಟ್ಟಿನಲ್ಲಿ ಒಂದು ಪೊಟ್ಟಣ ನನಗೆ ಕಳಿಸಿ. ಗ್ಲುಟೆನ್ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಅಳೆಸುತ್ತೇನೆ, ಖರ್ಚು ನನ್ನದು. ಫಲಿತಾಂಶ ಬರುವವರೆಗೆ ಯಾರಿಗೂ ಕೊಡಬೇಡಿ.


ನವನಗರದ ಮಾಸ್ತರ, ಬಾಗಲಕೋಟೆ
ಆಗಸ್ಟ್ 6, ರಾತ್ರಿ 9:30

ಹೋಳಿಗೆ ಆಯಿತು. ಮೊದಲಿನ ಮೂರು ಎಲೆಗೇ ಅಂಟಿದವು, ಆಮೇಲಿನ ಏಳು ಚೆನ್ನಾಗಿ ಬಂದವು. ಅವ್ವ ಮೊದಲನೆಯ ತಟ್ಟೆಯನ್ನು ಸೊಸೆಗೆ ಕೊಟ್ಟು, ಪಕ್ಕದಲ್ಲಿ ಕೂತು ತುಪ್ಪ ಹಾಕಿದಳು. ಅವಳು ಮೂರು ತಿಂದಳು. ಸಂಜೆ ಮಕ್ಕಳ ಜೊತೆ ಜೋಕಾಲಿ ಆಡಿದಳು. ಹೋದ ವರ್ಷ ಇದೇ ಹಬ್ಬಕ್ಕೆ ಹಾಸಿಗೆ ಹಿಡಿದಿದ್ದಳು.

ಬಬಲೇಶ್ವರದ ಅಣ್ಣನವರೇ, ನಿಮ್ಮ ತಂಗಿಯ ಮನೆಗೆ ನಿನ್ನೆ ನಾವಿಬ್ಬರೂ ಹೋಗಿದ್ದೆವು. ಅವರ ಜರಡಿಯನ್ನು ನೋಡಿ ಬಂದೆ, ಹೊಸದು ಕೊಟ್ಟು ಬಂದೆ.


ಗಿರಣಿಯವ, ವಿದ್ಯಾಗಿರಿ
ಆಗಸ್ಟ್ 7, ಬೆಳಿಗ್ಗೆ 7:15

ಪ್ರಯೋಗಾಲಯದಿಂದ ವರದಿ ಬಂತು. ಮಿತಿಯೊಳಗೇ ಇದೆ. ಸೋಮವಾರದಿಂದ ಶುರು ಮಾಡುತ್ತೇನೆ. ಬಬಲೇಶ್ವರದ ಅಣ್ಣಾ, ತಂಗಿಯ ಮನೆಯವರಿಗೆ ಹೇಳಿ, ಆರಕ್ಕೆ ಬರಲಿ. ಮೊದಲ ಸರದಿ ಅವರದು.


ಬಬಲೇಶ್ವರದ ಅಣ್ಣ
ಆಗಸ್ಟ್ 7, ಬೆಳಿಗ್ಗೆ 7:40

ಕಾಕಾ, ಭಾನುವಾರವೇ ನಾನು ಅಲ್ಲಿಗೆ ಬರುತ್ತೇನೆ. ಜೋಳ ನಮ್ಮ ಹೊಲದ್ದು, ಹಸನು ಮಾಡಲು ತಾಯಿ ಈಗಲೇ ಮೊರ ಹಿಡಿದು ಕೂತಿದ್ದಾಳೆ.